ಬ್ಯಾಟರಿ ಕೈಕೊಡುವ ಮುನ್ನ: ಕಾರಿದ್ದವರಿಗೆ 12 ಸೂತ್ರಗಳು

ಕಾರಿನ ಬ್ಯಾಟರಿ ರಾತ್ರೋರಾತ್ರಿ ಸಾಯುವುದು ಅಪರೂಪ. ವಾರಗಟ್ಟಲೆ ಮೊದಲೇ ಅದು ಸೂಚನೆ ಕೊಡುತ್ತಿರುತ್ತದೆ: ಸೆಲ್ಫ್ ಹೊಡೆದಾಗ ಎಂಜಿನ್ ಎಳೆದಾಡಿಕೊಂಡು ತಿರುಗುತ್ತದೆ, ಹೆಡ್‌ಲೈಟ್ ಒಂದು ಗಳಿಗೆ ಮಂಕಾಗುತ್ತದೆ. ನಾವು ಎಚ್ಚೆತ್ತುಕೊಳ್ಳುವುದು ಮಾತ್ರ ಮನೆಮಂದಿಯೆಲ್ಲ ಮದುವೆಗೆ ಹೊರಟು ನಿಂತ ಬೆಳಿಗ್ಗೆ. ಆ ಗಡಿಬಿಡಿಯಲ್ಲಿ ಅಂಗಡಿಯವರು ಕೊಟ್ಟಿದ್ದೇ ಬ್ಯಾಟರಿ, ಹೇಳಿದ್ದೇ ರೇಟು. ಬದಲಿಸುವ ದಿನವನ್ನು ನೀವೇ ಗೊತ್ತು ಮಾಡಿಕೊಂಡರೆ ದುಡ್ಡೂ ಉಳಿಯುತ್ತದೆ, ನಡುದಾರಿಯಲ್ಲಿ ನಿಲ್ಲುವುದೂ ತಪ್ಪುತ್ತದೆ.

1. ಬ್ಯಾಟರಿಯ ವಯಸ್ಸು ತಿಳಿದಿರಲಿ

ನಮ್ಮ ಹವೆಯಲ್ಲಿ ಕಾರಿನ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ವಾರಂಟಿ ಕಾರ್ಡಿನ ಫೋಟೊ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಬಾನೆಟ್ ಎತ್ತಿದೊಡನೆ ಬ್ಯಾಟರಿಯ ಮೇಲಿನ ತಾರೀಖನ್ನೂ ಹುಡುಕಬೇಕು.

ಚಳಿಗೆ ಬ್ಯಾಟರಿ ಹೋಯಿತು ಎಂದು ಜನ ಹೇಳುವುದುಂಟು. ನಿಜವಾದ ಪೆಟ್ಟು ಬೀಳುವುದು ಬೇಸಿಗೆಯಲ್ಲಿ. ಬಿಸಿ 10 ಡಿಗ್ರಿ ಏರಿದರೆ ಒಳಗಿನ ಸವೆತದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ತಿಳಿದವರ ಅಂದಾಜು. ರಾಯಚೂರು, ಕಲಬುರಗಿಯ ಬಿಸಿಲಿನಲ್ಲಿ ಬಯಲಲ್ಲೇ ನಿಲ್ಲುವ ಕಾರಿನ ಬಾನೆಟ್ ಒಳಗಿನ ಕಾವು ಎಷ್ಟಿರಬಹುದು, ಊಹಿಸಿಕೊಳ್ಳಿ. ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ಕೈಕೊಡುವ ಬ್ಯಾಟರಿ ಏಪ್ರಿಲ್‌ನಲ್ಲೇ ಸೊರಗಿರುತ್ತದೆ. ಚಳಿಯ ಬೆಳಗು ಅದನ್ನು ಬಯಲು ಮಾಡುತ್ತದೆ, ಅಷ್ಟೆ. ನೆರಳಿದ್ದಲ್ಲಿ ನಿಲ್ಲಿಸುವುದೂ ಬ್ಯಾಟರಿಯ ಆರೈಕೆಯೇ.

2. ಒಂದು ಮಲ್ಟಿಮೀಟರ್ ಕೊಳ್ಳಿ

ಕೆಲವೇ ನೂರು ರೂಪಾಯಿಯ ವಸ್ತು. ಈ ಹನ್ನೆರಡರಲ್ಲಿ ಒಂದನ್ನಷ್ಟೇ ಪಾಲಿಸುತ್ತೇನೆ ಎನ್ನುವವರಿಗೆ ನಾನು ಹೇಳುವುದು ಇದನ್ನೇ. ರಾತ್ರಿಯಿಡೀ ನಿಂತ ಕಾರಿನ ಬಾನೆಟ್ ಎತ್ತಿ, ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಪ್ಲಸ್‌ಗೆ, ಕಪ್ಪನ್ನು ಮೈನಸ್‌ಗೆ ಮುಟ್ಟಿಸಿ. 12.6 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಬ್ಯಾಟರಿ ತುಂಬಿದೆ. 12.4 ಇದ್ದರೆ ಮುಕ್ಕಾಲು, 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿಳಿದರೆ ಖಾಲಿಯಾಗುತ್ತ ಬಂದಿದೆ ಎಂದೇ ತಿಳಿಯಿರಿ. ಹೆಸರಿಗೆ 12 ವೋಲ್ಟಾದರೂ 12 ಎಂಬ ಅಂಕಿ ಆರೋಗ್ಯದ ಲಕ್ಷಣವಲ್ಲ.

ಇನ್ನು ಕಡ್ಡಿಗಳನ್ನು ಹಿಡಿದೇ ಇದ್ದು, ಬೇರೆಯವರಿಂದ ಸೆಲ್ಫ್ ಹೊಡೆಸಿ. ಆ ಹೊತ್ತಿಗೆ ವೋಲ್ಟೇಜ್ ಕುಸಿಯುವುದು ಸಹಜ, ಆದರೆ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಎಂಜಿನ್ ಚಾಲೂ ಆದ ಮೇಲೆ ಸಾಮಾನ್ಯವಾಗಿ 13.8ರಿಂದ 14.5ರ ಆಸುಪಾಸು ತೋರಿಸಬೇಕು. ಎಂಜಿನ್ ಓಡುತ್ತಿದ್ದರೂ 12.3ರಲ್ಲೇ ನಿಂತಿದ್ದರೆ ತಪ್ಪು ಬ್ಯಾಟರಿಯದಲ್ಲ, ಚಾರ್ಜ್ ಮಾಡುವ ಆಲ್ಟರ್ನೇಟರಿನದು ಅಥವಾ ಅದರ ಬೆಲ್ಟಿನದು. ಹೊಸ ಬ್ಯಾಟರಿ ಹಾಕಿಸಿ ವಾರದಲ್ಲೇ ಮತ್ತೆ ಕಾರು ನಿಂತಿತು ಎಂಬ ಕಥೆಗಳ ಹಿಂದೆ ಬಹುಪಾಲು ಈ ಅಳತೆಯನ್ನು ಯಾರೂ ನೋಡದಿರುವುದೇ ಕಾರಣ.

3. ಬ್ಯಾಟರಿಯನ್ನು ದೂರುವ ಮೊದಲು ಟರ್ಮಿನಲ್ ನೋಡಿ

ಟರ್ಮಿನಲ್ ಸುತ್ತ ಬಿಳಿ ಅಥವಾ ನೀಲಿ-ಹಸಿರು ಪುಡಿ ಹೂವಿನಂತೆ ಅರಳಿ ಕೂತಿದ್ದರೆ ಕರೆಂಟ್ ಸರಿಯಾಗಿ ದಾಟುವುದಿಲ್ಲ. ಕೇಬಲ್ ಬಿಚ್ಚಿ, ಬೆಚ್ಚನೆಯ ನೀರಿಗೆ ಅಡುಗೆ ಸೋಡಾ ಬೆರೆಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಬುಸುಬುಸು ನೊರೆ ಬರುತ್ತದೆ. ಸೋಡಾ ಆಸಿಡ್ಡನ್ನು ಮುರಿಯುತ್ತಿದೆ ಎಂದರ್ಥ. ಒರೆಸಿ, ಒಣಗಿಸಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಕೈಗೆ ಗ್ಲೌಸ್ ಇರಲಿ. ಹತ್ತಿ ಬಟ್ಟೆಗೆ ತಾಗಿದ ಆಸಿಡ್ ಆ ಕ್ಷಣಕ್ಕೆ ಏನೂ ಮಾಡಿದಂತೆ ಕಾಣುವುದಿಲ್ಲ, ಒಗೆದ ಮೇಲೆ ತೂತುಗಳು ಎದ್ದು ಬರುತ್ತವೆ.

4. ಹಸಿರು ಕಣ್ಣನ್ನು ಪೂರ್ತಿ ನಂಬಬೇಡಿ

ಮೇಲ್ಗಡೆ ಪುಟ್ಟ ಗಾಜಿನ ಕಣ್ಣು ಹಸಿರಾಗಿದ್ದರೆ ಎಲ್ಲ ಸರಿಯಿದೆ ಎಂದು ಹೇಳುತ್ತಾರೆ. ಬ್ಯಾಟರಿಯೊಳಗೆ ಆರು ಸೆಲ್‌ಗಳಿವೆ, ಆ ಕಣ್ಣು ನೋಡುವುದು ಒಂದನ್ನು ಮಾತ್ರ.

5. ನಿಂತ ಕಾರೂ ಕರೆಂಟ್ ತಿನ್ನುತ್ತದೆ

ಅಲಾರಂ, ಗಡಿಯಾರ, ರಿಮೋಟ್ ಲಾಕ್ ಎಲ್ಲ ಸೇರಿ 50 ಮಿಲಿ ಆಂಪಿಯರ್‌ವರೆಗೆ ಸದಾ ಎಳೆಯುತ್ತಿರುತ್ತವೆ. ಅಲ್ಪವೆನಿಸುತ್ತದೆ. ಲೆಕ್ಕ ಹಾಕಿ: ದಿನಕ್ಕೆ 1.2 ಆಂಪಿಯರ್ ಅವರ್, ಮೂವತ್ತು ದಿನಕ್ಕೆ 36. ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು 35 ಆಂಪಿಯರ್ ಅವರ್ ಬ್ಯಾಟರಿ! ನೇರವಾಗಿ ಬ್ಯಾಟರಿಗೇ ಕೊಟ್ಟ ಡ್ಯಾಶ್‌ಕ್ಯಾಮ್, ಜಿಪಿಎಸ್ ಇದ್ದರೆ ಅಷ್ಟು ದಿನವೂ ಬಾರದು.

ಖಾಲಿಯಾಗಿ ಬಿದ್ದಿರುವುದು ಬ್ಯಾಟರಿಗೆ ವಿಷ. ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಡುಸಾದರೆ ಆಮೇಲೆ ಎಷ್ಟು ಚಾರ್ಜ್ ಕೊಟ್ಟರೂ ಮೊದಲಿನ ಕಸುವು ಬರುವುದಿಲ್ಲ. ವಾರಕ್ಕೊಮ್ಮೆ ಅರ್ಧ ಗಂಟೆ ಕಾರನ್ನು ಹೊರಗೆ ಓಡಿಸಿ. ನಿಂತಲ್ಲೇ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸಿದರೆ ಹೆಚ್ಚೇನೂ ತುಂಬುವುದಿಲ್ಲ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಮೈನಸ್ ಕೇಬಲ್ ಬಿಚ್ಚಿಟ್ಟು ಹೋಗಿ.

6. ವರ್ಷಕ್ಕೆರಡು ಬಾರಿ ತಪಾಸಣೆ

ಬೇಸಿಗೆ ಹೊಸ್ತಿಲಲ್ಲಿ ಶಿವರಾತ್ರಿಗೊಮ್ಮೆ, ಮಳೆಗಾಲ ಕಳೆದು ಆಯುಧಪೂಜೆಗೊಮ್ಮೆ. ಆಯುಧಪೂಜೆಗೆ ಹೇಗೂ ಕಾರು ತೊಳೆಯುತ್ತೀರಿ, ಬಾನೆಟ್ ಎತ್ತುತ್ತೀರಿ. ಕುಂಕುಮ ಹಚ್ಚುವ ಮುನ್ನ ಮೀಟರ್ ಹಚ್ಚಿ. ಆ ದಿನ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಗಂಟೆಗಟ್ಟಲೆ ಹಾಡು ಹಾಕುವುದು ಬೇಡ. ಕಾರು ನಿಂಬೆಹಣ್ಣಿನ ಮೇಲೆ ಹರಿಯುವ ಹೊತ್ತಿಗೆ ಸ್ಟಾರ್ಟ್ ಆಗಬೇಕಲ್ಲ.

7. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬೇಡಿ

ಮುಚ್ಚಳ ಬಿಚ್ಚಲು ಬರುವ ಬ್ಯಾಟರಿಯಲ್ಲಿ ನೀರು ಪ್ಲೇಟಿನ ಮೇಲೆ ನಿಂತಿರಬೇಕು. ಕೆಳಗಿಳಿದಿದ್ದರೆ ಗುರುತಿನ ತನಕ ಡಿಸ್ಟಿಲ್ಡ್ ವಾಟರ್ ತುಂಬಿ. ಬೋರ್‌ವೆಲ್ ನೀರು, ಕಾವೇರಿ ನೀರು, ಆರ್‌ಓ ನೀರು ಯಾವುದೂ ಆಗದು. ಅವುಗಳಲ್ಲಿನ ಲವಣ ಪ್ಲೇಟುಗಳನ್ನು ಕೆಡಿಸುತ್ತದೆ. ಆಸಿಡ್ ಅಂತೂ ಎಂದೂ ಸುರಿಯಬೇಡಿ, ಆವಿಯಾಗುವುದು ನೀರೇ ಹೊರತು ಆಸಿಡ್ ಅಲ್ಲ. ಪದೇಪದೇ ನೀರು ಕಡಿಮೆಯಾಗುತ್ತಿದ್ದರೆ ಆಲ್ಟರ್ನೇಟರ್ ಮಿತಿಮೀರಿ ಚಾರ್ಜ್ ಮಾಡುತ್ತಿರಬಹುದು.

8. ಕೊಳ್ಳುವಾಗ ಹಳೆಯ ಬ್ಯಾಟರಿಯ ಮೇಲಿನ ಬರಹವನ್ನೇ ಒಯ್ಯಿರಿ

ಎಕ್ಸೈಡ್, ಅಮರಾನ್, ಎಸ್‌ಎಫ್, ಟಾಟಾ ಗ್ರೀನ್. ಬ್ರ್ಯಾಂಡ್ ಯಾವುದೆಂಬ ಚರ್ಚೆಗೆ ಜನ ಅರ್ಧ ದಿನ ಕಳೆಯುತ್ತಾರೆ. ಅದಕ್ಕಿಂತ ಮೊದಲು ಅಳತೆ ಹೊಂದಬೇಕು. ಉದಾಹರಣೆಗೆ ‘38ಬಿ20ಎಲ್’ ಎಂಬ ಬರಹ. 38 ಅದರ ಶಕ್ತಿಯ ದರ್ಜೆ. ಅದನ್ನು 38 ಆಂಪಿಯರ್ ಅವರ್ ಎಂದು ಓದಬಾರದು. ಬಿ ಎಂಬುದು ಅಗಲ-ಎತ್ತರದ ಗುರುತು, 20 ಎಂದರೆ ಉದ್ದ ಸುಮಾರು 20 ಸೆಂಟಿಮೀಟರ್. ಕೊನೆಯ ಎಲ್ ಅಥವಾ ಆರ್ ಅಕ್ಷರ ಟರ್ಮಿನಲ್ ಯಾವ ಬದಿಗಿದೆ ಎಂದು ಹೇಳುತ್ತದೆ. ಇದೊಂದು ಅಕ್ಷರ ತಪ್ಪಿದರೆ ಕೇಬಲ್ ಮುಟ್ಟುವುದಿಲ್ಲ. ಎಳೆದು ಜಗ್ಗಿ ಕೂರಿಸಲು ಹೋದವರು ಪ್ಲಸ್-ಮೈನಸ್ ಅದಲುಬದಲು ಮಾಡಿದರೆ ಕಾರಿನ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು.

ಯುರೋಪಿನ ಕಂಪನಿಗಳ ಕಾರುಗಳಲ್ಲಿ ಹೆಚ್ಚಾಗಿ ‘ಡಿನ್’ ಮಾದರಿ; ಟರ್ಮಿನಲ್‌ಗಳು ಮೇಲ್ಮೈಯಿಂದ ತಗ್ಗಿನಲ್ಲಿರುತ್ತವೆ. ಆಂಪಿಯರ್ ಅವರ್ ಕಂಪನಿ ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. ಟ್ರೇಯಲ್ಲಿ ಹಿಡಿಸುವುದಾದರೆ ತುಸು ಹೆಚ್ಚಿದ್ದರೆ ತೊಂದರೆಯಿಲ್ಲ.

9. ಸಿಗ್ನಲ್‌ನಲ್ಲಿ ತಾನೇ ಆರುವ ಕಾರಿಗೆ ಮಾಮೂಲಿ ಬ್ಯಾಟರಿ ಹಾಕಿಸಬೇಡಿ

ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ದಿನಕ್ಕೆ ಹತ್ತಾರು ಬಾರಿ ಸೆಲ್ಫ್ ಹೊಡೆಯಬೇಕು. ಅದಕ್ಕೆಂದೇ ಇಎಫ್‌ಬಿ ಅಥವಾ ಎಜಿಎಂ ಬ್ಯಾಟರಿಗಳಿವೆ. ಬೆಲೆ ಹೆಚ್ಚು, ನಿಜ. ಆದರೂ ಕಾರಿನೊಂದಿಗೆ ಯಾವುದು ಬಂದಿತ್ತೋ ಅದೇ ಬೇಕು. ಎಲೆಕ್ಟ್ರಿಕ್ ಕಾರಿನವರೂ ಗಮನಿಸಿ: ದೊಡ್ಡ ಬ್ಯಾಟರಿಯ ಜೊತೆಗೆ ನಿಮ್ಮಲ್ಲೂ ಒಂದು 12 ವೋಲ್ಟಿನದು ಇರುತ್ತದೆ, ಅದು ಖಾಲಿಯಾದರೆ ಕಾರು ಏಳುವುದಿಲ್ಲ.

10. ವಾರಂಟಿಯ ‘ಪ್ಲಸ್’ ಚಿಹ್ನೆಯನ್ನು ಓದಿ

‘24+24’ ಎಂದರೆ ನಾಲ್ಕು ವರ್ಷ ಪುಕ್ಕಟೆ ಬದಲಾವಣೆ ಎಂದಲ್ಲ. ಮೊದಲ 24 ತಿಂಗಳು ಪುಕ್ಕಟೆ, ಆಮೇಲಿನ 24 ತಿಂಗಳು ಬೆಲೆಯಲ್ಲಿ ರಿಯಾಯಿತಿ ಮಾತ್ರ. ಹೋಲಿಸುವಾಗ ಮೊದಲ ಅಂಕಿಯನ್ನು ನೋಡಿ. ಟ್ಯಾಕ್ಸಿಗಳಿಗೆ ವಾರಂಟಿ ಬೇರೆಯೇ ಇರುವುದುಂಟು, ಕೇಳಿಕೊಳ್ಳಿ. ತಯಾರಾದ ತಿಂಗಳನ್ನೂ ಕೇಳಿ. ಆರು ತಿಂಗಳು ಅಂಗಡಿಯ ಕಪಾಟಿನಲ್ಲೇ ಕೂತ ಬ್ಯಾಟರಿ ಬೇಡ ಎನ್ನಲು ಸಂಕೋಚ ಬೇಕಿಲ್ಲ. ಹಣ ಕೊಡುವ ಮೊದಲು ನಿಮ್ಮ ಮೀಟರಿನಲ್ಲೇ ವೋಲ್ಟೇಜ್ ನೋಡಿ, ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ.

11. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ

ಕಾರಿನ ಮೈಯೆಲ್ಲ ಮೈನಸ್. ಪ್ಲಸ್ ಮೊದಲು ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಗೆ ಕಾಯುತ್ತದೆ. ಮೈನಸ್ ಮೊದಲು ತೆಗೆದರೆ ಆ ಅಪಾಯವಿಲ್ಲ. ಕೈಯಲ್ಲಿ ಬಳೆ, ಉಂಗುರ, ಲೋಹದ ವಾಚು ಬೇಡ. ಕೀಯನ್ನು ಕಾರಿನೊಳಗೆ ಬಿಡಬೇಡಿ, ಬಾಗಿಲು ಲಾಕ್ ಆದೀತು. ಕೊನೆಯಲ್ಲಿ ಬ್ಯಾಟರಿ ಹಿಡಿದಿಡುವ ಕ್ಲ್ಯಾಂಪ್ ಬಿಗಿಯಾಗಿದೆಯೇ ಅಲುಗಾಡಿಸಿ ನೋಡಿ. ನಮ್ಮ ರಸ್ತೆಗುಂಡಿಗಳಲ್ಲಿ ಸಡಿಲ ಬ್ಯಾಟರಿ ಕುಲುಕಿ ಕುಲುಕಿ ಒಳಗಿನ ಪ್ಲೇಟು ಉದುರುತ್ತದೆ.

ಜಂಪ್ ಸ್ಟಾರ್ಟಿಗೂ ಕ್ರಮವಿದೆ. ಕೆಂಪು ಕೇಬಲ್ ಮೊದಲು ಖಾಲಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ತುದಿ ಒಳ್ಳೆಯದರ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯದರ ಮೈನಸ್‌ಗೆ, ಅದರ ಕೊನೆಯ ತುದಿ ಕೆಟ್ಟ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ, ಬ್ಯಾಟರಿಯಿಂದ ದೂರಕ್ಕೆ. ಬ್ಯಾಟರಿ ಹೈಡ್ರೋಜನ್ ಹೊರಬಿಡುತ್ತದೆ, ಕಿಡಿ ಅದರ ಬಳಿ ಹಾರಬಾರದು. ಬೀಡಿ-ಸಿಗರೇಟಿನವರನ್ನು ಮುಲಾಜಿಲ್ಲದೆ ದೂರ ಕಳಿಸಿ.

12. ಹಳೆಯದನ್ನು ಗುಜರಿಗೆ ಹಾಕಬೇಡಿ

ಗುಜರಿಯವರು ಐವತ್ತು, ನೂರು ಹೆಚ್ಚು ಕೊಟ್ಟಾರು. ಆಮೇಲೆ ಎಲ್ಲೋ ಹಿತ್ತಿಲಲ್ಲಿ ಅದನ್ನು ಒಡೆದು ಆಸಿಡ್ಡನ್ನು ಮಣ್ಣಿಗೆ ಸುರಿದು, ಸೀಸವನ್ನು ಬಯಲಲ್ಲೇ ಕರಗಿಸುವುದುಂಟು. ಆ ಹೊಗೆ, ಆ ಧೂಳು ಸುತ್ತಲಿನ ಮಕ್ಕಳ ರಕ್ತ ಸೇರುತ್ತದೆ. ಬೆಳೆಯುವ ಮಿದುಳಿಗೆ ಸೀಸದಿಂದಾಗುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಹೊಸದನ್ನು ಕೊಂಡ ಅಂಗಡಿಯಲ್ಲೇ ಹಳೆಯದನ್ನು ಕೊಟ್ಟು, ಅದರ ಮೊತ್ತ ಕಳೆದಿರುವುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕಾರಿಗೆ ಎತ್ತಿಡುವಾಗ ಬ್ಯಾಟರಿಯನ್ನು ನೆಟ್ಟಗೆ ನಿಲ್ಲಿಸಿ, ಮಲಗಿಸಿದರೆ ಆಸಿಡ್ ಸೋರುತ್ತದೆ.