ಕ್ರೋಷಾ ಹೆಣಿಗೆ: ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ

ಹಾಲಿನ ಪಾತ್ರೆಯ ಮೇಲೆ ಹಾಸುವ, ಅಂಚಿಗೆ ಮಣಿ ಪೋಣಿಸಿದ ದುಂಡನೆಯ ಕ್ರೋಷಾ ಹೊದಿಕೆ ಮನೆಗೂ ಬೇಕು, ಮಾರಾಟಕ್ಕೂ ಆದೀತು. ಆದರೆ ಹೊಸದಾಗಿ ಕಲಿತವರ ಹೊದಿಕೆ ಎಂಟು ಹತ್ತು ಸುತ್ತು ಆಗುವಷ್ಟರಲ್ಲಿ ಬಟ್ಟಲಿನಂತೆ ಗುಳಿ ಬೀಳುತ್ತದೆ, ಇಲ್ಲವೇ ಅಂಚು ನಿರಿಗೆಗಟ್ಟುತ್ತದೆ. ಅದನ್ನು ಕೊಳ್ಳುವವರಿಲ್ಲ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ದಾಟುವಲ್ಲಿ ಎಣಿಕೆ ತಪ್ಪುವುದೇ ಇದಕ್ಕೆ ಸಾಮಾನ್ಯ ಕಾರಣ.

ದಾಟುವ ಕ್ರಮ

ಕಡ್ಡಿಗೆ ದಾರವನ್ನು ಒಮ್ಮೆ ಸುತ್ತಿಕೊಂಡು ಹೆಣೆಯುವ ಎತ್ತರದ ಹೆಣಿಗೆಯನ್ನು ಇಲ್ಲಿ ಕಂಬ ಎನ್ನೋಣ. ಬ್ರಿಟಿಷ್ ಮಾದರಿ ಪುಸ್ತಕಗಳಲ್ಲಿ ಇದು ಟ್ರೆಬಲ್. ಅಮೆರಿಕದ ಪುಸ್ತಕಗಳಲ್ಲಿ ಇದನ್ನೇ ಡಬಲ್ ಕ್ರೋಷಾ ಎನ್ನುತ್ತಾರೆ. ಪುಸ್ತಕ ಯಾವ ಪದ್ಧತಿಯದೆಂದು ಮೊದಲು ನೋಡಿಕೊಳ್ಳಿ.

1. ನಾಲ್ಕು ಸರಪಳಿ ಹೆಣೆದು ಬಳೆಯಂತೆ ಕೂಡಿಸಿ.

2. ಮೂರು ಸರಪಳಿ ಏರಿಸಿ. ಇದು ಕಂಬದಷ್ಟೇ ಎತ್ತರವಾದ್ದರಿಂದ ಇದನ್ನೇ ಮೊದಲ ಕಂಬವೆಂದು ಎಣಿಸಬೇಕು. ಬಳೆಯೊಳಗೆ ಇನ್ನು 11 ಕಂಬ ಹೆಣೆದರೆ ಒಟ್ಟು 12.

3. ಆರಂಭದ ಮೂರನೆಯ ಸರಪಳಿಯ ತಲೆಗೆ ಕಡ್ಡಿ ಚುಚ್ಚಿ, ದಾರ ಸೆಳೆದು, ಕಡ್ಡಿಯ ಮೇಲಿನ ಕೊಂಡಿಯೊಳಗಿಂದಲೂ ಎಳೆದುಬಿಡಿ. ಸುತ್ತು ಕೂಡಿತು. ಈ ಜೋಡಣೆ ಎಣಿಕೆಗೆ ಸೇರದು.

4. ಮತ್ತೆ ಮೂರು ಸರಪಳಿ ಏರಿಸಿ, ಅದರ ಬುಡದಲ್ಲೇ ಒಂದು ಕಂಬ, ಮುಂದೆ ಪ್ರತಿ ಕಂಬದ ತಲೆಯಲ್ಲಿ ಎರಡೆರಡು ಹೆಣೆಯಿರಿ, 24 ಆಗುತ್ತದೆ. ಮೂರನೆಯ ಸುತ್ತಿನಲ್ಲಿ ಒಂದರಲ್ಲಿ ಒಂದು, ಮುಂದಿನದರಲ್ಲಿ ಎರಡು, 36. ನಾಲ್ಕನೆಯದರಲ್ಲಿ 48.

ಹನ್ನೆರಡೇ ಏಕೆ?

ಕಂಬದ ಎತ್ತರ ಅದರ ಅಗಲದ ಸುಮಾರು ಎರಡರಷ್ಟು. ವೃತ್ತದ ತ್ರಿಜ್ಯ ಎರಡು ಅಗಲ ಹೆಚ್ಚಿದರೆ ಸುತ್ತಳತೆ ಹನ್ನೆರಡೂವರೆ ಅಗಲದಷ್ಟು ಹೆಚ್ಚುತ್ತದೆ. ಆದ್ದರಿಂದ ಪ್ರತಿ ಸುತ್ತಿಗೂ 12 ಕಂಬ ಸೇರಬೇಕು. ಕಡಿಮೆಯಾದರೆ ಗುಳಿ, ಹೆಚ್ಚಾದರೆ ನಿರಿಗೆ.

ತಪ್ಪುವ ಜಾಗಗಳು

ಮೂರು ಸರಪಳಿಯನ್ನು ಎಣಿಸದೆ ಬೇರೆ 12 ಕಂಬ ಹಾಕಿದರೆ 13 ಆಗುತ್ತದೆ. ಸರಪಳಿಯ ತಲೆ ಬಿಟ್ಟು ಅದರ ಮುಂದಿನ ಕಂಬಕ್ಕೆ ಜೋಡಿಸಿದರೆ ಒಂದು ಕಡಿಮೆಯಾಗುತ್ತದೆ. ಜೋಡಣೆಯ ಮೇಲೂ ಕಂಬ ಹೆಣೆದರೆ ಮತ್ತೆ ಹೆಚ್ಚುತ್ತದೆ. ಬಿತ್ತುವಾಗ ತಪ್ಪಿದ ಸಾಲು ಪೈರು ಎದ್ದ ಮೇಲೆ ಕಾಣುವಂತೆ, ಎರಡನೆಯ ಸುತ್ತಿನ ತಪ್ಪು ಎಂಟನೆಯದರಲ್ಲಿ ಕಾಣುತ್ತದೆ. ಆಗ ಅಷ್ಟನ್ನೂ ಬಿಚ್ಚಬೇಕು.

ಜೋಡಿಸದ ಪದ್ಧತಿ

ದಾರ ಸುತ್ತಿಕೊಳ್ಳದೆ ಹೆಣೆಯುವ ಗಿಡ್ಡ ಹೆಣಿಗೆಯಲ್ಲಿ ಸುತ್ತನ್ನು ಕೂಡಿಸದೆ, ಶಂಖದ ಸುರುಳಿಯಂತೆ ಮುಂದುವರಿಯಬಹುದು. ಇಲ್ಲಿ ಎತ್ತರ ಅಗಲದಷ್ಟೇ ಇರುವುದರಿಂದ ಸುತ್ತಿಗೆ 6 ಹೆಚ್ಚಿಸಿದರೆ ಸಾಕು: 6, 12, 18, 24. ಸುತ್ತು ಎಲ್ಲಿ ಆರಂಭವಾಯಿತೆಂದು ಕಣ್ಣಿಗೆ ತಿಳಿಯದು. ಆದ್ದರಿಂದ ಮೊದಲ ಹೆಣಿಗೆಗೆ ಬಣ್ಣದ ದಾರದ ತುಂಡು ಸಿಕ್ಕಿಸಿ, ಪ್ರತಿ ಸುತ್ತಿಗೂ ಅದನ್ನು ಮೇಲಕ್ಕೆ ಸರಿಸಿ. ಕೊನೆಯಲ್ಲಿ ಒಂದು ಜೋಡಣೆ ಹಾಕಿದರೆ ಅಂಚಿನ ಮೆಟ್ಟಿಲು ಮರೆಯಾಗುತ್ತದೆ.

ತರಬೇತಿ ನೀಡುವ ಕಾರ್ಯಕರ್ತರು ಹೂವಿನ ವಿನ್ಯಾಸಗಳಿಗೆ ಕೈಹಾಕುವ ಮೊದಲು ಈ ಸಾದಾ ಚಕ್ರವನ್ನು ಎಲ್ಲರಿಂದಲೂ ಹೆಣೆಸಬೇಕು. ಪ್ರತಿ ಸುತ್ತು ಮುಗಿದಾಗ ಗಟ್ಟಿಯಾಗಿ ಎಣಿಸುವ ರೂಢಿ ಮಾಡಿಸಿ. ಎಣಿಕೆ ಸರಿಬಂದ ಮೇಲೆಯೇ ಮುಂದಿನ ಮೂರು ಸರಪಳಿ ಏರಲಿ.