25 ವರ್ಷದ ರಜೆ, 10 ದಿನದ ಗಡುವು

ವರ್ಷಕ್ಕೆ ಇಷ್ಟು ರಾತ್ರಿ ರೆಸಾರ್ಟಿನಲ್ಲಿ ತಂಗುವ ಹಕ್ಕು ಎಂದು ಟೈಮ್‌ಶೇರ್ ಮಾರುವವರ ಲೆಕ್ಕ ಒಂದೇ ಹಾಳೆಯಲ್ಲಿ ಮುಗಿಯುತ್ತದೆ. ತರೀಕೆರೆಯ ನಮ್ಮ ಅಕ್ಕ ಆ ಹಾಳೆಯನ್ನು ರಸೀದಿಯ ಜೊತೆ ಪಿನ್ ಮಾಡಿ ಇಟ್ಟುಕೊಂಡಿದ್ದಳು. ಮೇಲೆ 3,80,000 ಎಂದು ಬರೆದು ಅಡ್ಡಗೆರೆ ಎಳೆದಿತ್ತು. ಕೆಳಗೆ 2,40,000, ‘ಇವತ್ತು ಮಾತ್ರ’. ಅದನ್ನು 25 ವರ್ಷದಿಂದ ಭಾಗಿಸಿ, ಬಂದದ್ದನ್ನು ವರ್ಷದ 7 ರಾತ್ರಿಗೆ ಭಾಗಿಸಿ, 1,371 ರೂಪಾಯಿ ಎಂದು ಎರಡು ಸುತ್ತು ಹಾಕಿದ್ದರು. ‘ಊಟಿ, ಗೋವಾದಲ್ಲಿ ಈ ರೇಟಿಗೆ ರೂಮು ಎಲ್ಲಿ ಸಿಗುತ್ತೆ ಹೇಳಿ ಮೇಡಂ’ ಎಂದು ಕೇಳಿದರಂತೆ. ಅಕ್ಕನ ಹತ್ತಿರ ಉತ್ತರ ಇರಲಿಲ್ಲ.

ಶುರುವಾಗಿದ್ದು ಪೆಟ್ರೋಲ್ ಬಂಕಿನಲ್ಲಿ ತುಂಬಿಕೊಟ್ಟ ಲಕ್ಕಿ ಡ್ರಾ ಕೂಪನ್ನಿನಿಂದ. ನಿಮಗೆ ಬೆಳ್ಳಿ ನಾಣ್ಯ, ಗೋವಾ ಪ್ಯಾಕೇಜ್ ಬಂದಿದೆ, ಶಿವಮೊಗ್ಗದ ಹೋಟೆಲಿಗೆ ಬಂದು ತಗೊಂಡು ಹೋಗಿ, ಗಂಡ ಹೆಂಡತಿ ಇಬ್ಬರೂ ಬರಲೇಬೇಕು ಎಂದು ಫೋನ್ ಬಂತು. ಆ ಸಲ ಅಡಿಕೆಗೆ ಒಳ್ಳೆಯ ರೇಟು ಸಿಕ್ಕಿ ಭಾವನ ಕೈಯಲ್ಲಿ ದುಡ್ಡು ಓಡಾಡುತ್ತಿತ್ತು. ಹಾಲ್‌ನಲ್ಲಿ ಜೋರು ಮ್ಯೂಸಿಕ್, ಟೇಬಲ್ಲಿಗೊಬ್ಬ ಎಕ್ಸಿಕ್ಯೂಟಿವ್. ಯಾರಾದರೂ ಸಹಿ ಹಾಕಿದರೆ ಮೈಕಿನಲ್ಲಿ ಅವರ ಹೆಸರು ಕೂಗಿ ಎಲ್ಲರೂ ಚಪ್ಪಾಳೆ. ಮನೆಗೆ ಹೋಗಿ ಯೋಚಿಸುತ್ತೇವೆ ಎಂದರೆ ಮ್ಯಾನೇಜರ್ ಬಂದು ರೇಟು ಇಳಿಸುತ್ತಾನೆ. ಮೂರು ತಾಸು ಕೂತ ಮೇಲೆ ಭಾವ ಡೆಬಿಟ್ ಕಾರ್ಡಿನಲ್ಲಿ 60,000 ಕಟ್ಟಿದರು. ಉಳಿದ 1,80,000ಕ್ಕೆ ತಿಂಗಳಿಗೆ 5,000ದಂತೆ 36 ಕಂತು, ಅದು ಅಕ್ಕನ ಖಾತೆಯಿಂದ ತಾನಾಗಿಯೇ ಕಡಿತವಾಗಲು ಎನ್‌ಎಸಿಎಚ್ ಮ್ಯಾಂಡೇಟ್.

ಭಾವ ಪೆದ್ದರಲ್ಲ. ಅಮೃತಮಹಲ್ ಹೋರಿ ಹರಾಜಿಗೆ ಹೋದರೆ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಬಾಯಿ ಬಿಡುವವರಲ್ಲ. ಆದರೆ ಇಲ್ಲಿ ನೋಡಲು ಕೊಟ್ಟಿದ್ದು ಟ್ಯಾಬ್‌ನಲ್ಲಿದ್ದ ಈಜುಕೊಳದ ಫೋಟೊ ಮಾತ್ರ.

ಈಗ ಆ ಲೆಕ್ಕವನ್ನು ಪೂರ್ತಿ ಮಾಡೋಣ. ವರ್ಷಕ್ಕೆ 9,600 ರೂಪಾಯಿ ಎಂದರು, ಸರಿ. ಅರ್ಜಿಯ ಹಿಂಬದಿಯ ಸಣ್ಣ ಅಕ್ಷರದಲ್ಲಿ ವಾರ್ಷಿಕ ಮೇಂಟೆನೆನ್ಸ್ 12,000 ಎಂದಿದೆ. ಅದಕ್ಕೆ 18% ಜಿಎಸ್‌ಟಿ ಸೇರಿದರೆ 14,160. ಹೋದರೂ ಕಟ್ಟಬೇಕು, ಹೋಗದಿದ್ದರೂ ಕಟ್ಟಬೇಕು. ಅಲ್ಲಿಗೆ ವರ್ಷದ ಖರ್ಚು 23,760. ಏಳು ರಾತ್ರಿಗೆ ಹಂಚಿದರೆ ರಾತ್ರಿಗೆ 3,394. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು, ಮನೆಯಲ್ಲಿ ಎರಡು ಹಸು ಇರುವ ಸಂಸಾರ ವರ್ಷಕ್ಕೆ ಏಳು ರಾತ್ರಿ ಹೊರಗೆ ಮಲಗಿದ್ದನ್ನು ನಾನಂತೂ ನೋಡಿಲ್ಲ. ಮೂರು ರಾತ್ರಿ ಎಂದುಕೊಳ್ಳಿ. ರಾತ್ರಿಗೆ 7,920 ಆಯಿತು.

ಮೇಂಟೆನೆನ್ಸ್ 25 ವರ್ಷ ಅಷ್ಟೇ ಇರುತ್ತದೆಯೇ? ‘ಕಾಲಕಾಲಕ್ಕೆ ಪರಿಷ್ಕರಿಸಲಾಗುವುದು’ ಎಂಬ ಸಾಲು ಅಲ್ಲೇ ಇದೆ. ವರ್ಷಕ್ಕೆ 5% ಏರಿದರೂ 25ನೇ ವರ್ಷ ಕಟ್ಟುವುದು ಸುಮಾರು 45,700. ಅಷ್ಟೂ ವರ್ಷದ್ದನ್ನು ಕೂಡಿದರೆ ಸುಮಾರು 6,75,800. ಮೂಲದ 2,40,000 ಸೇರಿದರೆ 9,15,800. ಒಂದು ರಾತ್ರಿಯನ್ನೂ ಬಿಡದೆ 175 ರಾತ್ರಿ ಹೋದರೂ ರಾತ್ರಿಗೆ 5,233 ರೂಪಾಯಿ. ಹಾಳೆಯ ಮೇಲೆ ಸುತ್ತು ಹಾಕಿದ್ದು 1,371.

ಇನ್ನೊಂದು ಕಡೆಯಿಂದ ನೋಡಿ. ಅದೇ 2,40,000ವನ್ನು 6.5% ಬಡ್ಡಿಗೆ ಎಫ್‌ಡಿ ಇಟ್ಟರೆ ವರ್ಷಕ್ಕೆ 15,600. ಕಟ್ಟದೆ ಉಳಿದ ಮೇಂಟೆನೆನ್ಸ್ 14,160. ಎರಡೂ ಸೇರಿ 29,760 ರೂಪಾಯಿ ಪ್ರತಿ ವರ್ಷ ತಿರುಗಾಟಕ್ಕೆ ಸಿಗುತ್ತದೆ, ಅಸಲು ಅಸಲಾಗಿಯೇ ಉಳಿಯುತ್ತದೆ. ಕೆಮ್ಮಣ್ಣುಗುಂಡಿಯ ತೋಟಗಾರಿಕೆ ಇಲಾಖೆಯ ವಸತಿಗೃಹವೋ, ಲಕ್ಕವಳ್ಳಿಯ ಜಂಗಲ್ ಲಾಡ್ಜಸ್ಸೋ, ಮನಸ್ಸು ಬಂದರೆ ರೈಲು ಹತ್ತಿ ಗೋವಾವೋ, ಹೋದ ವರ್ಷಕ್ಕೆ ಖರ್ಚು, ಹೋಗದ ವರ್ಷಕ್ಕೆ ಉಳಿತಾಯ.

ಸಹಿ ಹಾಕಿ ಆಗಿದೆಯಲ್ಲ, ಇನ್ನೇನು ಮಾಡುವುದು? ಇಲ್ಲೇ ಹೆಚ್ಚಿನವರು ಕೈಚೆಲ್ಲುತ್ತಾರೆ. ಜೀವವಿಮೆ, ಆರೋಗ್ಯವಿಮೆ ತಗೊಂಡರೆ, ಬೇಡವೆನಿಸಿದರೆ ವಾಪಸ್ ಕೊಡಲು 30 ದಿನದ ಫ್ರೀ ಲುಕ್ ಇದೆ. ಯುರೋಪಿನ ದೇಶಗಳಲ್ಲಿ ಟೈಮ್‌ಶೇರ್ ಕೊಂಡವರಿಗೆ ಕಾರಣ ಕೊಡದೆ ಹಿಂದೆ ಸರಿಯಲು 14 ದಿನ ಕೊಡಬೇಕೆಂದು 2009ರಲ್ಲೇ ನಿಯಮವಾಗಿದೆ. ನಮ್ಮಲ್ಲಿ ಟೈಮ್‌ಶೇರ್‌ಗೆಂದೇ ಅಂಥ ಕಾನೂನಿಲ್ಲ. ಇದು ಇರಬೇಕಿತ್ತು, ಇನ್ನಾದರೂ ಬರಬೇಕು. ಸದ್ಯಕ್ಕೆ ಕೆಲವು ಕಂಪನಿಗಳು ತಮ್ಮ ಕರಾರಿನಲ್ಲೇ ರದ್ದು ಮಾಡಲು 10 ದಿನದ ಗಡುವು ಬರೆದಿರುತ್ತವೆ. ಅದೊಂದು ಸಾಲನ್ನು ಮಾರಾಟದ ಹಾಲ್‌ನಲ್ಲಿ ಯಾರೂ ಓದಿ ಹೇಳುವುದಿಲ್ಲ. ಅಕ್ಕನ ಅರ್ಜಿಯ ಹಿಂದೆಯೂ ಅದು ಇತ್ತು. ನಾನು ಕಡೂರಿನಿಂದ ಹೋದಾಗ ಗಡುವು ಇನ್ನೂ ಮುಗಿದಿರಲಿಲ್ಲ.

ಅಷ್ಟರಲ್ಲಿ ಭಾವ ಕಂಪನಿಗೆ ಫೋನ್ ಮಾಡಿ ಕೇಳಿಬಿಟ್ಟಿದ್ದರು. ‘ಮೊದಲ ಟ್ರಿಪ್ ಹೋಗಿ ಬರಬೇಕಂತೆ ಕಣೋ, ಇಷ್ಟ ಆಗದಿದ್ರೆ ಆಮೇಲೆ ಕ್ಯಾನ್ಸಲ್ ಮಾಡಿಕೊಡ್ತಾರಂತೆ.’

‘ಭಾವ, ಆ ಮಾತನ್ನೇ ಮೇಲ್‌ನಲ್ಲಿ ಬರೆದು ಕಳಿಸೋಕೆ ಹೇಳಿ ನೋಡೋಣ’ ಎಂದೆ. ಕೇಳಿದರು. ಬರಲೇ ಇಲ್ಲ. ಒಂದು ರಾತ್ರಿ ಉಳಿದು ಬಂದರೂ ಸೇವೆ ಪಡೆದಿದ್ದೀರಿ ಎಂದು ಗಡುವಿನ ಬಾಗಿಲು ಮುಚ್ಚುತ್ತಾರೆ. ಈ ಧಂದೆಯ ಮೇಲೆ ನನಗೆ ತಾಳ್ಮೆ ಉಳಿದಿಲ್ಲ. ಒಳ್ಳೆಯ ವಸ್ತುವನ್ನು ಮಾರಲು ಗಂಡ ಹೆಂಡತಿಯನ್ನು ಮೂರು ತಾಸು ಕೂಡಿಹಾಕಬೇಕಿಲ್ಲ.

ಅವತ್ತು ಸಂಜೆಯೇ ಕಾಗದ ಬರೆದೆವು. ಸದಸ್ಯತ್ವ ಸಂಖ್ಯೆ, ತಾರೀಖು, ಕಟ್ಟಿದ ಮೊತ್ತ, ಕರಾರಿನ ಕಲಮು, ‘ರದ್ದು ಮಾಡಿದ್ದೇವೆ, ಪೂರ್ತಿ ಹಣ ಈ ಖಾತೆಗೆ ಹಾಕಿ’, ಇಷ್ಟೇ. ‘ದಯವಿಟ್ಟು ರದ್ದು ಮಾಡುವಿರಾ’ ಎಂದು ಬೇಡುವ ಧಾಟಿ ಬೇಡ. ಅದನ್ನೇ ಇಮೇಲ್ ಮಾಡಿ, ಮೂಲ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದೆವು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ, ಹಾಗಾಗಿ ಈಗ ಕಳಿಸುವವರು ಸ್ಪೀಡ್ ಪೋಸ್ಟಿಗೆ ನೋಂದಣಿ, ತಲುಪಿದ ದಾಖಲೆ ಎರಡನ್ನೂ ಸೇರಿಸಿ ಎಂದು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳಬೇಕು. ಮರುದಿನ ಬ್ಯಾಂಕಿಗೆ ಹೋಗಿ ಮ್ಯಾಂಡೇಟ್ ರದ್ದತಿಗೆ ಬರೆದುಕೊಟ್ಟು ಸೀಲ್ ಹಾಕಿಸಿಕೊಂಡೆವು. ಅಕ್ಕನದು ಕಂಪನಿಗೇ ಕಟ್ಟುವ ಕಂತು, ಆದ್ದರಿಂದ ಸುಲಭವಾಯಿತು. ಫೈನಾನ್ಸ್ ಕಂಪನಿಯಿಂದ ಸಾಲ ಮಾಡಿಸಿದ್ದರೆ ಸುಮ್ಮನೆ ಕಂತು ನಿಲ್ಲಿಸಬೇಡಿ, ಸಿಬಿಲ್ ಕೆಡುತ್ತದೆ. ಸಾಲ ಕೊಟ್ಟವರಿಗೂ ಅದೇ ದಿನ ಬರೆಯಬೇಕು.

ಕಂಪನಿಯ ಮೊದಲ ಉತ್ತರ, ಹಣ ವಾಪಸ್ ಇಲ್ಲ. ಎರಡನೆಯದು, ಇನ್ನೊಂದು ಪ್ಲಾನಿಗೆ ಬದಲಾಯಿಸಿಕೊಡುತ್ತೇವೆ. ನಾವು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹಾಕಿದೆವು, ವಕೀಲರಿಂದ ನೋಟಿಸ್ ಕೊಡಿಸಿದೆವು. ಆಮೇಲೆ 15,000 ‘ದಾಖಲೆ ಶುಲ್ಕ’ ಹಿಡಿದುಕೊಂಡು 45,000 ಹಾಕಿದರು. ‘ಇಷ್ಟು ಬಂತಲ್ಲ, ಸಾಕು ಬಿಡು’ ಎಂದರು ಭಾವ. ನನಗೆ ಸಾಕೆನಿಸಲಿಲ್ಲ. ಗಡುವಿನೊಳಗೆ ರದ್ದು ಮಾಡಿದವರಿಗೆ ಪೂರ್ತಿ ಹಣ ಎಂದು ಬರೆದವರು ಅವರೇ.

ಆ 15,000ಕ್ಕೆ ಚಿಕ್ಕಮಗಳೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದಿತ್ತು. 2020ರ ಜುಲೈ 20ರಿಂದ ಜಾರಿಯಲ್ಲಿರುವ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿ ಎಲ್ಲಿಯದಾದರೂ ಇರಲಿ, ಕರಾರಿನಲ್ಲಿ ಬೇರೆ ಊರಿನ ಕೋರ್ಟಿನ ಹೆಸರಿರಲಿ, ಹೆದರಬೇಡಿ. ಆರ್ಬಿಟ್ರೇಷನ್ ಷರತ್ತು ಗ್ರಾಹಕ ಆಯೋಗದ ದಾರಿಯನ್ನು ಮುಚ್ಚುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2018ರ ಡಿಸೆಂಬರ್‌ನಲ್ಲಿ ಎಮಾರ್ ಎಂಜಿಎಫ್ ಪ್ರಕರಣದಲ್ಲಿ ಹೇಳಿದೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವೇ ಇಲ್ಲ. ಜಿಲ್ಲಾ ಆಯೋಗದ ಮಿತಿ 50 ಲಕ್ಷ. ವಕೀಲರಿಲ್ಲದೆ ನೀವೇ ವಾದಿಸಬಹುದು.

ದೂರಿನಲ್ಲಿ ಸೇವಾ ನ್ಯೂನತೆ, ಅನುಚಿತ ವ್ಯಾಪಾರ ಪದ್ಧತಿ ಎರಡನ್ನೂ ಬರೆಯಿರಿ. ಕೊಡುವ ಉದ್ದೇಶವಿಲ್ಲದೆ ಉಡುಗೊರೆಯ ಆಸೆ ತೋರಿಸುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರವೇ. ಅಕ್ಕನಿಗೆ ಬೆಳ್ಳಿ ನಾಣ್ಯ ಇವತ್ತಿನವರೆಗೂ ಬಂದಿಲ್ಲ. ಕರಾರೇ ಅನ್ಯಾಯದ್ದು ಎಂದು ಪ್ರಶ್ನಿಸುವುದಾದರೆ ಮಾತ್ರ ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗಬೇಕು, ಅದು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ.

ಕಾನೂನಿಗಿಂತ ಮೊದಲು ಅಭ್ಯಾಸ ಸರಿಯಾಗಬೇಕು ಎಂಬುದು ನನ್ನ ಹಟ. ಕಡೂರಿನಲ್ಲಿ ತೆಂಗು, ಅಜ್ಜಂಪುರದಲ್ಲಿ ಈರುಳ್ಳಿ, ತರೀಕೆರೆಯಲ್ಲಿ ಅಡಿಕೆ, ನಮ್ಮ ಕಡೆ ದುಡ್ಡು ತಿಂಗಳ ಸಂಬಳದಂತೆ ಬರುವುದಿಲ್ಲ, ಒಟ್ಟಿಗೆ ಬರುತ್ತದೆ. ಒಟ್ಟಿಗೆ ಬಂದದ್ದು ಒಟ್ಟಿಗೇ ಹೋಗುತ್ತದೆ. ಫಸಲಿನ ಹಣ ಬಂದ ಮೊದಲ ತಿಂಗಳು ಹೊಸದಾಗಿ ಯಾವುದಕ್ಕೂ ಸಹಿ ಹಾಕುವುದಿಲ್ಲ ಎಂದು ಮನೆಯಲ್ಲಿ ನಿಯಮ ಮಾಡಿಕೊಳ್ಳಿ. ಉಡುಗೊರೆ ತರಲು ಹೋಗುವಾಗ ಡೆಬಿಟ್ ಕಾರ್ಡ್, ಚೆಕ್ ಪುಸ್ತಕ ಮನೆಯಲ್ಲಿರಲಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಸಣ್ಣ ಅಕ್ಷರವನ್ನು ಅವರ ಕೈಯಲ್ಲಿ ಗಟ್ಟಿಯಾಗಿ ಓದಿಸಿ.

ಈ ಮೂರು ತಾಲ್ಲೂಕಿನಲ್ಲಿ ಇಂಥ ಅರ್ಜಿಗೆ ಸಹಿ ಹಾಕಿ ಹತ್ತು ದಿನ ಆಗದವರು ಯಾರಾದರೂ ಇದನ್ನು ಓದುತ್ತಿದ್ದರೆ ಇವತ್ತೇ ಅರ್ಜಿ ತಿರುವಿ ಹಿಂಬದಿ ನೋಡಿ, ಇವತ್ತೇ ಕಾಗದ ಬರೆಯಿರಿ. ಹತ್ತು ದಿನ ದಾಟಿದವರೂ ಸುಮ್ಮನಿರಬೇಡಿ. ಆಯೋಗಕ್ಕೆ ದೂರು ಕೊಡಲು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ ಕಾಲಾವಕಾಶವಿದೆ.