ನೆವಿಲ್ ಮೈದಾನ

ಇಂಗ್ಲೆಂಡಿನ ಆಗ್ನೇಯಕ್ಕಿರುವ ಕೆಂಟ್ ಪ್ರಾಂತದಲ್ಲಿ ಟನ್‌ಬ್ರಿಜ್ ವೆಲ್ಸ್ ಎಂಬ ಪಟ್ಟಣವಿದೆ. ಕಬ್ಬಿಣದ ಅಂಶವುಳ್ಳ ಅಲ್ಲಿನ ಒರತೆಯ ನೀರು ಆರೋಗ್ಯಕರವೆಂದು ನಂಬಿ, ಹದಿನೇಳನೆಯ ಶತಮಾನದಿಂದಲೂ ಸಿರಿವಂತರು ಅಲ್ಲಿಗೆ ಬರುತ್ತಿದ್ದರು. ಈ ಪಟ್ಟಣದ ಕ್ರಿಕೆಟ್ ಮೈದಾನಕ್ಕೆ ಆ ಭಾಗದ ಶ್ರೀಮಂತ ಮನೆತನವೊಂದರ ಹೆಸರಿನಿಂದ ನೆವಿಲ್ ಎಂದು ಹೆಸರಾಯಿತು. 1898ರಲ್ಲಿ ತೆರೆದ ಈ ಮೈದಾನದಲ್ಲಿ 1901ರಿಂದ ಕೆಂಟ್ ತಂಡದ ಪಂದ್ಯಗಳು ನಡೆಯತೊಡಗಿದವು. ಅಂಚಿನಲ್ಲಿ ರೋಡೊಡೆಂಡ್ರನ್ ಪೊದೆಗಳು. ಬೇಸಗೆಯ ಮೊದಲಲ್ಲಿ ಅವು ಹೂತಳೆದು ನಿಂತಾಗ, ಆಟ ನೋಡಲು ಬಂದವರು ಆಟವನ್ನೇ ಮರೆತರೆ ಅಚ್ಚರಿಯಿಲ್ಲ.

ಇಂಥ ಪ್ರಶಾಂತ ತಾಣಕ್ಕೆ 1913ರ ಏಪ್ರಿಲ್ 11ರಂದು ಬೆಂಕಿ ಬಿದ್ದಿತು. ಆಟಗಾರರ ವಿಶ್ರಾಂತಿಮಂದಿರ ಸುಟ್ಟುಹೋಯಿತು. ಸ್ತ್ರೀಯರ ಮತಾಧಿಕಾರ ಚಳವಳಿಯ ಪತ್ರಗಳೂ ಅದರ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಅವರ ಚಿತ್ರವೂ ಅಲ್ಲಿ ದೊರೆತವು. ಆಗ ಬ್ರಿಟನ್ನಿನ ಪಾರ್ಲಿಮೆಂಟ್ ಚುನಾವಣೆಗಳಲ್ಲಿ ಸ್ತ್ರೀಯರಿಗೆ ಮತ ನೀಡುವ ಹಕ್ಕಿರಲಿಲ್ಲ. ಮನವಿಗಳಿಗೂ ಮೆರವಣಿಗೆಗಳಿಗೂ ಸರ್ಕಾರ ಕಿವಿಗೊಡದಿದ್ದಾಗ, ಚಳವಳಿಯ ಉಗ್ರ ಪಂಗಡದವರು ಆಸ್ತಿಪಾಸ್ತಿಗೆ ಹಾನಿಮಾಡುವ ದಾರಿ ಹಿಡಿದಿದ್ದರು. ಗಂಡಸರ ವಿನೋದದ ನೆಲೆಯಾದ ಮೈದಾನ ಅವರ ಕಣ್ಣಿಗೆ ಬಿದ್ದುದು ಸಹಜವೇ. ಪಟ್ಟಣಿಗರು ಕೆರಳಿದರು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಆರ್ಥರ್ ಕಾನನ್ ಡಾಯ್ಲ್ ಅವರು ಈ ಕೃತ್ಯವನ್ನು ಸಭೆಯಲ್ಲಿ ಖಂಡಿಸಿದರು. ಬೆಂಕಿಯಿಟ್ಟುದು ಸರಿಯೆನ್ನಲಾಗದು, ಆದರೆ ಕಟ್ಟಡಕ್ಕಾಗಿ ಮರುಗಿದವರಲ್ಲಿ ಎಷ್ಟು ಮಂದಿ ಆ ಸ್ತ್ರೀಯರ ಕೋರಿಕೆಗೆ ಕಿವಿಗೊಟ್ಟಿದ್ದರು? ವಿಶ್ರಾಂತಿಮಂದಿರ ಅದೇ ವರ್ಷ ಮತ್ತೆ ಎದ್ದಿತು. ಹಕ್ಕು ಅಷ್ಟು ಬೇಗ ಬರಲಿಲ್ಲ. 1918ರಲ್ಲಿ ಮೂವತ್ತು ವರ್ಷ ತುಂಬಿ, ಆಸ್ತಿಯ ಅರ್ಹತೆಯುಳ್ಳವರಿಗೆ ಮಾತ್ರ ಅದು ದೊರೆಯಿತು; ಗಂಡಸರಿಗೆ ಸಮನಾದ ಮತಾಧಿಕಾರಕ್ಕೆ 1928ರವರೆಗೆ ಕಾಯಬೇಕಾಯಿತು.

ಬೆಂಕಿ ಬಿದ್ದ ಎಪ್ಪತ್ತು ವರ್ಷಗಳ ಮೇಲೆ, 1983ರ ಜೂನ್ 18ರಂದು, ಭಾರತವು ವಿಶ್ವಕಪ್ ಪಂದ್ಯದಲ್ಲಿ ಇಲ್ಲಿ ಜಿಂಬಾಬ್ವೆಯನ್ನು ಎದುರಿಸಿತು. ಹದಿನೇಳು ಓಟಗಳಾಗುವಷ್ಟರಲ್ಲಿ ಐವರು ಔಟಾದರು. ಇಪ್ಪತ್ತನಾಲ್ಕು ವಯಸ್ಸಿನ ನಾಯಕ ಕಪಿಲ್ ದೇವ್ ಧೃತಿಗೆಡಲಿಲ್ಲ. ಮೊದಲು ಕರ್ನಾಟಕದ ರೋಜರ್ ಬಿನ್ನಿ ಅವರೊಡನೆ ಅರುವತ್ತು ಓಟಗಳನ್ನು ಕೂಡಿಸಿ ಕುಸಿತವನ್ನು ತಡೆದರು. ಎಂಟನೆಯ ವಿಕೆಟ್ 140ಕ್ಕೆ ಬಿದ್ದಾಗ ಕರ್ನಾಟಕದವರೇ ಆದ ಸೈಯದ್ ಕಿರ್ಮಾನಿ ಬಂದರು. ಮುರಿಯದ ಒಂಬತ್ತನೆಯ ವಿಕೆಟ್ಟಿನ ಜೊತೆಯಾಟದಲ್ಲಿ 126 ಓಟಗಳು ಸೇರಿದವು. ಅದರಲ್ಲಿ ಕಿರ್ಮಾನಿಯವರ ಪಾಲು 24. ಆದರೆ ಅವರು ಆ ತುದಿಯನ್ನು ಕಾಯದಿದ್ದರೆ ಈ ತುದಿಯ ಅಬ್ಬರಕ್ಕೆ ಎಡೆಯೆಲ್ಲಿತ್ತು? ಕಪಿಲ್ ದೇವ್ 138 ಎಸೆತಗಳಲ್ಲಿ 175 ಓಟ ಗಳಿಸಿ ಔಟಾಗದೆ ಉಳಿದರು. ಏಕದಿನ ಪಂದ್ಯಗಳಲ್ಲಿ ಅಂದಿಗೆ ಅದೇ ವಿಶ್ವದಾಖಲೆ. ಭಾರತ 31 ಓಟಗಳಿಂದ ಗೆದ್ದಿತು. ಒಂದು ವಾರ ಕಳೆದು ಜೂನ್ 25ರಂದು ಲಾರ್ಡ್ಸ್ ಮೈದಾನದಲ್ಲಿ ವಿಶ್ವಕಪ್ಪನ್ನೂ ಗೆದ್ದುಕೊಂಡಿತು.

ಟನ್‌ಬ್ರಿಜ್ ವೆಲ್ಸಿನಲ್ಲಿ ಅಂದು ದೂರದರ್ಶನದ ಕ್ಯಾಮೆರಾಗಳು ಇರಲಿಲ್ಲ. ಅಂಕಪಟ್ಟಿ, ಕೆಲವು ಛಾಯಾಚಿತ್ರಗಳು ಮತ್ತು ನೋಡಿದವರ ಮಾತು, ಇವಿಷ್ಟರಿಂದಲೇ ಆ ಆಟವನ್ನು ನಾವು ಬಲ್ಲೆವು.